ಕೇಕು ಮಾಡಿದ ಕೈ

ಬೇಕರಿಯ ಬೋರ್ಡನ್ನು ನಿಂತು ಓದುವವರು ಕಡಿಮೆ. ಕರ್ನಾಟಕದ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಸುತ್ತಮುತ್ತ ಒಂದು ಅಯ್ಯಂಗಾರ್ ಬೇಕರಿ ಕಾಣುತ್ತದೆ. ನಾವೂ ಅಲ್ಲಿ ನಿಂತು ಬನ್ನು ತಿಂದವರೇ, ಟೀ ಕುಡಿದವರೇ. ಆದರೆ ಒಂದು ಸಲ ಆ ಬೋರ್ಡನ್ನು ಅಕ್ಷರ ಬಿಡಿಸಿ ಓದಿ ನೋಡಿ. ಬನ್ನು ಹೇಗಿದೆ ಅನ್ನುವ ಬಗ್ಗೆ ಅದರಲ್ಲಿ ಒಂದು ಮಾತಿಲ್ಲ. ಹಿಟ್ಟು ನಾದಿದ ಕೈ ಯಾವ ಜಾತಿಯದು ಅನ್ನುವುದು ಮಾತ್ರ ಇದೆ.

ಬ್ರೆಡ್ಡು ಈ ನಾಡಿಗೆ ಬಂದಾಗ ಮಡಿವಂತರಿಗೆ ಅದು ಮೈಲಿಗೆಯ ತಿಂಡಿ. 1898ರಲ್ಲಿ ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ ಎಂಬುವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿ ತೆಗೆದರು. ತಮ್ಮ ಸಿಹಿತಿಂಡಿ ಅಂಗಡಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷಿನವನಿಂದ ಬ್ರೆಡ್ಡು ಸುಡುವುದನ್ನು ಕಲಿತರು ಎಂದು ಹೇಳಿಕೆ. ಒಲೆಯ ಮುಂದೆ ಬೆವರು ಸುರಿಸಿದವರ ಕಸುಬನ್ನು ನಾವು ಹೀಗಳೆಯುವುದಿಲ್ಲ. ನಮ್ಮ ತಕರಾರು ಬೋರ್ಡಿನ ಮೇಲೆ. ಆ ಹೆಸರು ಬಿದ್ದ ಮೇಲೆ ಮೈಲಿಗೆಯ ಬ್ರೆಡ್ಡು ಮಡಿಯಾಯಿತು. ಮೈದಾ ಅದೇ, ಒಲೆ ಅದೇ.

ಇನ್ನೊಂದು ಮಾತು ಮರೆತುಹೋಗಿದೆ. ದಂಡಿನ ಬಂಗಲೆಗಳಲ್ಲಿ ಬಿಳಿಯರಿಗೆ ದನದ ಮಾಂಸ ಬೇಯಿಸಬೇಕಿತ್ತು. ಸವರ್ಣರು ಅದನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಆ ಅಡುಗೆಮನೆಗಳಿಗೆ ಹೊಕ್ಕವರಲ್ಲಿ ಪರೆಯರು, ಹೊಲೆಯರು, ಮುಸಲ್ಮಾನರು, ಕಿಲಸ್ತಾನರಾದ ನಮ್ಮವರೇ ಬಹಳ. ದೊರೆಸಾನಿಯ ಕೇಕಿನ ಹಿಟ್ಟು ಕಲೆಸಿದ್ದೂ ಆ ಕೈಗಳೇ. ಅಂದರೆ ಬೇಕರಿಗೆ ಬೋರ್ಡು ಬರುವ ಮೊದಲೇ ಆ ವಿದ್ಯೆ ನಮ್ಮ ಜನರ ಕೈಯಲ್ಲಿತ್ತು. ಯಾರೂ ಅದನ್ನು ಬೋರ್ಡಿನ ಮೇಲೆ ಬರೆಯಲಿಲ್ಲ. ‘ಹೊಲೆಯರ ಬೇಕರಿ’ ಅಂತ ಬರೆದು ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟರೆ ಬೆಳಿಗ್ಗೆ ಎಷ್ಟು ಜನ ಸಾಲು ನಿಲ್ಲುತ್ತಾರೆ? 1957ರಲ್ಲಿ ಮದರಾಸಿನ ಒಂದು ಹೋಟೆಲಿನ ಬೋರ್ಡಿನಲ್ಲಿದ್ದ ‘ಬ್ರಾಹ್ಮಣ’ ಎಂಬ ಮಾತನ್ನು ಅಳಿಸಿ ಎಂದು ಪೆರಿಯಾರ್ ತಿಂಗಳುಗಟ್ಟಲೆ ಚಳವಳಿ ಮಾಡಿಸಿದ್ದು ಸುಮ್ಮನೆ ಅಲ್ಲ.

ಇದೆಲ್ಲ ನಮಗೆ ಹೊಳೆದದ್ದು ಪುಸ್ತಕದಿಂದಲ್ಲ, ಪಾಯಸದಿಂದ.

ಸೋಸಲೆ ಅಂದರೆ ಓದಿದವರಿಗೆ ವ್ಯಾಸರಾಜ ಮಠ ನೆನಪಾಗುತ್ತದೆ, ಅಯ್ಯಾಶಾಸ್ತ್ರಿಗಳು ನೆನಪಾಗುತ್ತಾರೆ. ನರಸೀಪುರದಿಂದ ಕಾವೇರಿ ದಾಟಿದರೆ ನಮ್ಮೂರು. ನಮ್ಮ ಕೇರಿ ಯಾವ ಪುಸ್ತಕದಲ್ಲೂ ಇಲ್ಲ. ಕೇರಿಯಲ್ಲಿ ವರ್ಷ ವರ್ಷ ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಜಯಂತಿ. ಚಂದಾ ಎತ್ತಿ ಪೇಟೆಯಿಂದ ಕೇಕು ತರುವುದು, ಮೇಲಿನ ಬೀದಿಯ ನಾಲ್ಕು ಮುಖಂಡರನ್ನು ಕರೆಯುವುದು, ಕೇಕು ಕುಯ್ಯುವುದು, ಫೋಟೋ ಹೊಡೆಯುವುದು. ಮಧ್ಯಾಹ್ನಕ್ಕೆ ನಮ್ಮ ಹೆಂಗಸರು ಮಾಡಿದ ಅನ್ನ, ಸಾರು, ಶ್ಯಾವಿಗೆ ಪಾಯಸ. ಮುಖಂಡರು ಕೇಕು ತಿನ್ನುತ್ತಿದ್ದರು. ಊಟಕ್ಕೆ ಕರೆದರೆ ಈಗ ತಾನೆ ಊಟ ಆಯ್ತು ಅನ್ನುತ್ತಿದ್ದರು. ಒಂದು ಲೋಟ ಪಾಯಸವಾದರೂ ಕುಡೀರಿ ಅಂದರೆ ಶುಗರ್ ಅದೆ ಅನ್ನುತ್ತಿದ್ದರು.

ಒಂದು ವರ್ಷ ಎಂಟನೆ ಕ್ಲಾಸಿನ ಒಂದು ಹುಡುಗಿ ಪಾಯಸದ ಕೊಳದಪ್ಪಲೆಯ ಪಕ್ಕ ಕೂತಿದ್ದವಳು ಕೇಳಿಬಿಟ್ಟಳು:

“ದೊಡ್ಡವ್ವ, ಶುಗರ್ ಇರೋರು ಕೇಕ್ ತಿಂದ್ರಲ್ಲಾ? ಕೇಕ್‌ನಲ್ಲಿ ಸಕ್ರೆ ಇಲ್ವಾ?”

ದೊಡ್ಡವ್ವ ಸೌಟು ಕೆಳಗಿಟ್ಟು, “ಅದು ಸಕ್ರೆ ಕಾಯ್ಲೆ ಅಲ್ಲ ಕನ ಕೂಸು” ಅಂದಳು. ಮತ್ತೇನೂ ಅನ್ನಲಿಲ್ಲ.

ಹೀಗಾಗಿ 2025ರ ಜಯಂತಿಗೆ ಪೇಟೆಯ ಕೇಕು ಬೇಡ, ಕೇರಿಯಲ್ಲೇ ಮಾಡೋಣ ಅಂತ ಹೆಣ್ಣುಮಕ್ಕಳು ತೀರ್ಮಾನ ಮಾಡಿದರು. ಮೈಸೂರಿನ ಒಂದು ಕೇಕಿನ ಅಂಗಡಿಯಲ್ಲಿ ಎರಡು ವರ್ಷ ದುಡಿದು ಬಂದ ಒಬ್ಬ ಹುಡುಗಿ ನಮ್ಮಲ್ಲಿದ್ದಳು. ಗಂಡಸರಲ್ಲಿ ದೊಡ್ಡ ಚರ್ಚೆಯಾಯಿತು. ಕೇಕು ಬಿಳಿಯರ ಚಾಳಿ, ನಮ್ಮ ಜನಕ್ಕೆ ಯಾಕೆ ಅಂತ ಒಬ್ಬರು. ಹಂಗಾರೆ ಬಾಬಾಸಾಹೇಬರ ಕೋಟು ಯಾವ ಊರ ಚಾಳಿ ಅಂತ ಇನ್ನೊಬ್ಬರು. ಹಾಡ್ಯ ಹೊಡೆದು ಮುದ್ದೆ ಊಟ ಹಾಕಿ, ಅದೇ ನಮ್ಮ ಸಂಸ್ಕೃತಿ ಅಂತ ಕಾಲೇಜು ಓದುವ ಗೆಳೆಯರು. ಸಂಸ್ಕೃತಿಯ ಬಗ್ಗೆ ಭಾಷಣ ಮಾಡುವವರು ಸೌಟು ಹಿಡಿಯುವುದು ಕಡಿಮೆ ಅನ್ನುವುದನ್ನು ಇಲ್ಲಿ ಬರೆದಿಟ್ಟಿರುತ್ತೇವೆ. ಇನ್ನು ಕೆಲವರು ಕೇಕನ್ನು ಫೋಟೋದ ಮುಂದೆ ಇಟ್ಟು ಊದುಬತ್ತಿ ಹಚ್ಚೋಣ ಅಂದರು. ಅದಕ್ಕೆ ನಾವು ಒಪ್ಪಲಿಲ್ಲ. ರಾಜಕಾರಣದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರಿಗೇ ನೈವೇದ್ಯ ಮಾಡುವುದೇ? ಕೇಕು ತಿನ್ನುವುದಕ್ಕೆ, ತಿನ್ನಿಸುವುದಕ್ಕೆ. ಅಷ್ಟೆ.

ಮಾಡಿದ ಬಗೆಯನ್ನು ವಿವರವಾಗಿ ಬರೆಯುತ್ತೇವೆ. ಬೇರೆ ಊರಿನ ಗೆಳೆಯರಿಗೂ, ಹಾಸ್ಟೆಲಿನ ಮಕ್ಕಳಿಗೂ ಬೇಕಾದೀತು.

ಒಲೆ ಎಲ್ಲಿಂದ ತರುವುದು? ಬೇಕರಿಯ ಭಟ್ಟಿ ನಮ್ಮಲ್ಲಿಲ್ಲ, ಕರೆಂಟಿನ ಓವನ್ನೂ ಇಲ್ಲ. ನಾಲ್ಕು ಮನೆಯ ದೊಡ್ಡ ಪ್ರೆಷರ್ ಕುಕ್ಕರುಗಳು ಬಂದವು. ಮುಚ್ಚಳದ ರಬ್ಬರು ತೆಗೆಯಬೇಕು, ವಿಶಲ್ಲೂ ತೆಗೆಯಬೇಕು. ಇದನ್ನು ಮರೆಯಬಾರದು, ನೀರಿಲ್ಲದ ಕುಕ್ಕರು ಬಿಗಿದರೆ ಅಪಾಯ. ತಳಕ್ಕೆ ಎರಡು ಬೆರಳು ಮರಳು. ಮರಳು ಕಾವೇರಿಯದೇ, ತೊಳೆದು ಒಣಗಿಸಿದ್ದು. ಹೊಳೆಯ ಮರಳು ಲಾರಿಗಟ್ಟಲೆ ರಾತ್ರೋರಾತ್ರಿ ಎಲ್ಲೆಲ್ಲಿಗೋ ಹೋಗುತ್ತದೆ. ನಾವು ತಂದದ್ದು ಎರಡು ಬಕೀಟು. ಮರಳಿನ ಮೇಲೆ ಒಂದು ಸಿಂಬೆಯ ಥರದ ಕಬ್ಬಿಣದ ಬಳೆ, ಅದರ ಮೇಲೆ ಅಲ್ಯೂಮಿನಿಯಂ ಡಬ್ಬ. ಡಬ್ಬ ಇಡುವ ಮೊದಲು ಖಾಲಿ ಕುಕ್ಕರನ್ನೇ ಹತ್ತು ನಿಮಿಷ ಕಾಯಿಸಬೇಕು.

ಒಂದು ಕೇಕಿಗೆ ಮೈದಾ 250 ಗ್ರಾಂ, ಸಕ್ಕರೆ 400 ಗ್ರಾಂ, ಕೋಕೋ ಪುಡಿ 75 ಗ್ರಾಂ, ಎರಡು ಚಮಚ ಅಡುಗೆ ಸೋಡಾ, ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಇವನ್ನು ಜರಡಿ ಹಿಡಿದು ಬೆರೆಸಬೇಕು. ಎರಡು ಮೊಟ್ಟೆ, ಒಂದು ಲೋಟ ಹುಳಿ ಮಜ್ಜಿಗೆ, ಅರ್ಧ ಲೋಟ ಎಣ್ಣೆ ಇನ್ನೊಂದು ಪಾತ್ರೆಯಲ್ಲಿ ಕದಡಿ ಸೇರಿಸಬೇಕು. ಕಡೆಗೆ ಒಂದು ಲೋಟ ಬಿಸಿ ಬಿಸಿ ಕಾಫಿ ಡಿಕಾಕ್ಷನ್. ಕಾಫಿ ಹುಯ್ಯುವಾಗ ಹೆಂಗಸರು ನಕ್ಕರು. ಆದರೆ ಬಿಸಿ ಬಿದ್ದರೆ ಕೋಕೋದ ಘಮ ಬಿಟ್ಟುಕೊಳ್ಳುತ್ತದೆ. ಹಿಟ್ಟು ದೋಸೆ ಹಿಟ್ಟಿಗಿಂತ ನೀರಾಗುತ್ತದೆ, ಹೆದರಬಾರದು. ಮಜ್ಜಿಗೆಯ ಹುಳಿ ಸೋಡಾವನ್ನು ಎಬ್ಬಿಸುತ್ತದೆ, ಆ ಗಾಳಿಯೇ ಕೇಕನ್ನು ಉಬ್ಬಿಸುವುದು. ಕಲೆಸಿದ ಮೇಲೆ ಕಾಯಿಸಿ ಕೂರಬಾರದು, ಗಾಳಿ ಹೋಗಿಬಿಡುತ್ತದೆ. ಎರಡು ಡಬ್ಬಕ್ಕೆ ಸಮನಾಗಿ ಹುಯ್ದು ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ಹಿಡಿಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಏಪ್ರಿಲ್ 13ರ ಸಂಜೆ ಹೀಗೆ ಮೂರು ಕೇಕು ಸುಟ್ಟರು. ನಾಲ್ಕನೆಯದು ಮೊಟ್ಟೆ ಇಲ್ಲದ್ದು. ಅದು ಯಾಕೆ ಅಂತ ಮುಂದೆ ಹೇಳುತ್ತೇವೆ.

ಸಾಮಾನಿನಲ್ಲಿ ನಮ್ಮ ಕಡೆಯದಲ್ಲದ್ದು ಅಂದರೆ ಆ ಕೋಕೋ. ಸಕ್ಕರೆಯ ಕಬ್ಬು ಕಡಿದ ತೋಳುಗಳು ನಮ್ಮ ಕೇರಿಯಲ್ಲೇ ಇವೆ. ಕೋಕೋ ಗಿಡವನ್ನು ನಮ್ಮಲ್ಲಿ ಎಷ್ಟೋ ಜನ ಕಂಡೇ ಇಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ ಅದು ಬೆಳೆಯುತ್ತದೆ. ಅಲ್ಲಿನ ಬೆಳೆಗಾರರು 1973ರಲ್ಲಿ ಕಟ್ಟಿದ ಕ್ಯಾಂಪ್ಕೊ ಸಹಕಾರ ಸಂಘ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆಗೆಯಿತು. ಲೋಕಕ್ಕೆ ಬೇಕಾದ ಕೋಕೋದ ಅರ್ಧಕ್ಕೂ ಹೆಚ್ಚು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್, ಘಾನಾ ದೇಶಗಳಿಂದ ಬರುತ್ತದೆ. ಅಲ್ಲಿ ಶಾಲೆಗೆ ಹೋಗಬೇಕಾದ ಮಕ್ಕಳು ಮಚ್ಚು ಹಿಡಿದು ಕೋಕೋ ಕಾಯಿ ಒಡೆಯುತ್ತಾರೆ. ಜೀತದ ಮಕ್ಕಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆನೆ. ಅಂಗಡಿಯ ಕೇಕಿನ ಮೇಲಿನ ಬಿಳಿಯ ನೊರೆ ಹಾಲಿನ ಕೆನೆ ಅಂತ ನಾವೆಲ್ಲ ತಿಳಿದಿದ್ದೆವು. ಬಹುಪಾಲು ಅದು ತಾಳೆಯಂಥ ಗಿಡದ ಎಣ್ಣೆಯಿಂದ ಕಾರ್ಖಾನೆಯಲ್ಲಿ ಮಾಡಿದ್ದಂತೆ. ಬಿಸಿಲಿಗೆ ಬೇಗ ಕರಗುವುದಿಲ್ಲ, ಅದಕ್ಕೇ ಬೇಕರಿಯವರು ಬಳಸುತ್ತಾರೆ. ಹುಡುಗಿ ಇದನ್ನು ಹೇಳಿದಾಗ ದೊಡ್ಡವ್ವನಿಗೆ ರೇಗಿತು. “ಮೂರು ಹಟ್ಟಿಲಿ ಹಸ ಕರಿತಾವೆ, ಎಣ್ಣೆ ನೊರೆ ಯಾಕ್ ತಿನ್ನಬೇಕು ನಾವು?”

ಮೂರು ಮನೆಯವರು ಒಂದು ದಿನದ ಹಾಲನ್ನು ಡೇರಿಗೆ ಹಾಕದೆ ಉಳಿಸಿದರು. ಇಪ್ಪತ್ತು ಲೀಟರಿಗೆ ಮೇಲಾಯಿತು. ಕಾಯಿಸಿದ ಹಾಲಿನ ಮೇಲೆ ಕಟ್ಟುವ ಕೆನೆ ಇದಕ್ಕೆ ಬರುವುದಿಲ್ಲ, ಅದು ಗಂಟುಗಂಟು. ಹಸಿ ಹಾಲನ್ನು ಅಗಲ ಪಾತ್ರೆಯಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿ ಕೆನೆ ಮೇಲೆ ನಿಲ್ಲುತ್ತದೆ. ಅದನ್ನು ಸೌಟಿನಲ್ಲಿ ಮೆಲ್ಲಗೆ ತೆಗೆದರು. ಹಸಿದು ಮಕ್ಕಳ ಬಾಯಿಗೆ ಹಾಕಂಗಿಲ್ಲ ಅಂತ ಆಶಾ ಕಾರ್ಯಕರ್ತೆ ಪಟ್ಟು ಹಿಡಿದಳು. ಕೆನೆಯ ಪಾತ್ರೆಯನ್ನು ಕೈ ಸುಡುವ ಬಿಸಿನೀರಿನೊಳಗೆ ಅರ್ಧ ಗಂಟೆ ಕೂರಿಸಿ, ನೀರು ಆರದಂತೆ ಉರಿ ಕಾದು, ಮತ್ತೆ ಒಂದು ರಾತ್ರಿ ತಣ್ಣಗೆ ಇಟ್ಟರು. ಕೆನೆಯಲ್ಲಿ ನೂರಕ್ಕೆ ಮೂವತ್ತಾದರೂ ಜಿಡ್ಡಿರಬೇಕು. ಇಲ್ಲದಿದ್ದರೆ ಎಷ್ಟು ಕಡೆದರೂ ನಿಲ್ಲುವುದಿಲ್ಲ. ಕೆನೆ ತೆಗೆದ ಹಾಲು ಮಜ್ಜಿಗೆಯಾಗಿ ಜಯಂತಿಯ ದಿನ ಎಲ್ಲರ ಹೊಟ್ಟೆ ತಂಪು ಮಾಡಿತು.

14ರ ಬೆಳಗಿನ ಜಾವ, ಬಿಸಿಲೇರುವ ಮುಂಚೆ, ಮೀನು ಮಾರುವವನ ಹತ್ತಿರ ತಂದ ಐಸಿನ ಮೇಲೆ ಪಾತ್ರೆ ಇಟ್ಟು ದೊಡ್ಡವ್ವ ಮಂತು ಹಿಡಿದಳು. ಹುಡುಗಿ ಪುಡಿ ಮಾಡಿದ ಸಕ್ಕರೆ ಉದುರಿಸುತ್ತಾ, “ಇನ್ನೊಂಚೂರು... ಇನ್ನೊಂಚೂರು...” ಅನ್ನುತ್ತಿದ್ದಳು. “ನಂಗೇ ಯೋಳ್ಕೊಡ್ತೀಯಾ? ಇದಾದ ಮ್ಯಾಲೆ ಬೆಣ್ಣೆ ಕನ, ಗೊತ್ತು ಸುಮ್ಕಿರು” ಅಂದಳು ದೊಡ್ಡವ್ವ. ನಿಜ. ಮಂತಿನ ಗೆರೆ ಕೆನೆಯ ಮೇಲೆ ಅಳಿಯದೆ ನಿಂತ ಗಳಿಗೆಗೆ ಕೈ ಬಿಡಬೇಕು. ಅಲ್ಲಿಂದ ನಾಲ್ಕು ಸುತ್ತು ಮುಂದೆ ಹೋದರೆ ಬೆಣ್ಣೆ.

ಈ ಕೈಯ ಕತೆ ಹೇಳಬೇಕು. ದೊಡ್ಡವ್ವ ಮೇಲಿನ ಬೀದಿಯ ಕೊಟ್ಟಿಗೆಗಳಲ್ಲಿ ನಲವತ್ತು ವರ್ಷ ಸಗಣಿ ಬಾಚಿದವಳು. ಹುಲ್ಲು ಹಾಕಿದ್ದು ಅವಳು, ಗಂಜಲ ತೊಳೆದದ್ದು ಅವಳು. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಿಂದ ಹೊರಗೆ ನಿಲ್ಲಬೇಕಿತ್ತು. ಚೊಂಬು ಮುಟ್ಟಿದರೆ ಹಾಲು ಕೆಟ್ಟುಹೋಗುತ್ತಿತ್ತು. ಈಗ ಸಾಲ ಮಾಡಿ ತಂದ ಸೀಮೆಹಸು ಅವಳ ಹಟ್ಟಿಯಲ್ಲಿದೆ. ಅದರ ಹಾಲು ದಿನಾ ಡೇರಿಗೆ ಹೋಗುತ್ತದೆ. ಅಲ್ಲಿ ಜಿಡ್ಡು ಅಳೆಯುತ್ತಾರೆ, ನೀರು ಬೆರೆಸಿದೆಯೋ ಅಂತ ನೋಡುತ್ತಾರೆ. ಜಾತಿ ಅಳೆಯುವ ಮಾಪಕ ಡೇರಿಯಲ್ಲಿಲ್ಲ. ನಮ್ಮ ಹಾಲು, ಮೇಲಿನ ಬೀದಿಯ ಹಾಲು ಒಂದೇ ಕ್ಯಾನಿಗೆ ಬೀಳುತ್ತವೆ. ಪೊಟ್ಟಣವಾಗಿ ಪೇಟೆಗೆ ಬಂದ ಮೇಲೆ ಅದೇ ಹಾಲು ದೇವರ ಅಭಿಷೇಕಕ್ಕೂ ಹೋಗುತ್ತದೆ. ಯಾವ ಪುರೋಹಿತನೂ ಪೊಟ್ಟಣ ಮೂಸಿ ನೋಡಿದ್ದನ್ನು ನಾವು ಕಾಣೆವು. ಆದರೆ ಆ ಹಾಲಿನದೇ ಕೆನೆ ದೊಡ್ಡವ್ವನ ಕೈಯಿಂದ ನೇರವಾಗಿ ತಟ್ಟೆಗೆ ಬಂದರೆ ಜನಕ್ಕೆ ಗಂಟಲು ಕಟ್ಟುತ್ತದೆ.

(ಬೂಸಾ ತಿಂದೇ ಹಸು ಹಾಲು ಕೊಡುವುದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ರೊಚ್ಚಿಗೆದ್ದವರು ಹಸು ಕಟ್ಟಿದವರಾಗಿರಲಿಕ್ಕಿಲ್ಲ ಎಂದು ನಮ್ಮ ಕೇರಿಯ ಒಬ್ಬ ಹಿರಿಯರ ಅಭಿಪ್ರಾಯ.)

ಕರಿಯ ಕೇಕಿನ ಒಂದು ಪದರ, ಅದರ ಮೇಲೆ ಕೆನೆ, ಮತ್ತೊಂದು ಪದರ, ಮೇಲೆ ಸುತ್ತ ಕೆನೆ. ಕೇಕು ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಕೆನೆ ಹರಿದುಹೋಗುತ್ತದೆ. ಪದರ ನೋಡಿ ವರ್ಣಾಶ್ರಮದ ಉಪಮೆ ಹೇಳಲು ಒಬ್ಬ ಗೆಳೆಯ ಶುರುಮಾಡಿದ. ಯಾವ ಪದರ ಮೇಲೆ ಯಾವುದು ಕೆಳಗೆ ಅಂತ ನಮಗೇ ಗೊತ್ತಿಲ್ಲ, ಎರಡೂ ಒಂದೇ ಪಾತ್ರೆ ಹಿಟ್ಟು, ಸುಮ್ಮನೆ ತಟ್ಟೆ ಜೋಡಿಸು ಅಂದರು ಹೆಂಗಸರು.

ಬಂದವರಿಗೆ ಹೇಳಿ ಕೊಡುವುದೋ, ಹೇಳದೆ ಕೊಡುವುದೋ? ಇದರ ಮೇಲೆ ಹಿಂದಿನ ರಾತ್ರಿಯೇ ಜಗಳವಾಗಿತ್ತು. ಹೇಳದೆ ತಿನ್ನಿಸಿ ಆಮೇಲೆ ನಗೋಣ ಅಂತ ಹುಡುಗರು. ಅದು ಕಳ್ಳತನ, ನಮ್ಮ ಕೈಯನ್ನು ನಾವೇ ಬಚ್ಚಿಟ್ಟಂಗೆ ಅಂತ ಹೆಂಗಸರು. ಹೆಂಗಸರ ಮಾತು ಗೆದ್ದಿತು. ಹನ್ನೊಂದು ಗಂಟೆಗೆ ಆ ಹುಡುಗಿ ಮೈಕು ಹಿಡಿದು, ಈ ಕೇಕು ಇದೇ ಕೇರಿಯಲ್ಲಿ ಮಾಡಿದ್ದು, ಹಾಲು ಇಂಥ ಇಂಥ ಮನೇದು, ಕೆನೆ ಕಡೆದದ್ದು ನಮ್ಮ ದೊಡ್ಡವ್ವ, ಎಲ್ಲರೂ ತಿನ್ನಬೇಕು ಅಂದಳು. ಚಪ್ಪಾಳೆ ನಮ್ಮ ಕಡೆಯಿಂದ ಬಂತು.

ಮುಂದಿನ ಸಾಲಿನ ಕುರ್ಚಿಗಳಲ್ಲಿ ಆದದ್ದು ಇಷ್ಟು. ಒಬ್ಬರು, ಇವತ್ತು ಸೋಮವಾರ, ಮೊಟ್ಟೆ ಮುಟ್ಟಲ್ಲ ಅಂದರು. ಆ ಮಾತು ಬರುತ್ತದೆ ಅಂತ ಗೊತ್ತಿದ್ದೇ ಹೆಂಗಸರು ನಾಲ್ಕನೆ ಕೇಕನ್ನು ಮೊಟ್ಟೆ ಇಲ್ಲದೆ ಮಾಡಿದ್ದು. ಅದನ್ನು ತಂದಿಟ್ಟರು. ಗಂಟಲು ಕೆರೆತ ಅದೆ, ತಣ್ಣಗಿರೋದು ತಿನ್ನಬಾರ್ದು ಅಂದಿದ್ದಾರೆ ಡಾಕ್ಟ್ರು ಅಂತಾಯಿತು. ಇನ್ನೊಬ್ಬರು ತಟ್ಟೆ ತೆಗೆದುಕೊಂಡರು, ನಕ್ಕರು, ಮೊಮ್ಮಕ್ಕಳಿಗೆ ಅಂತ ಪೇಪರಿನಲ್ಲಿ ಕಟ್ಟಿಕೊಂಡರು. ಮೊಮ್ಮಕ್ಕಳು ತಿಂದರೋ, ಹೊಳೆ ಮೀನು ತಿಂದವೋ. ಮೂರನೆಯವರು ಹೊಸದಾಗಿ ಬಂದ ಒಬ್ಬ ಮೇಡಂ. ತಿಂದು, ಬೆರಳು ನೆಕ್ಕಿ, ಇನ್ನೊಂದು ತುಂಡು ಕೇಳಿ, ಡಿಕಾಕ್ಷನ್ ಎಷ್ಟು ಹಾಕಿದ್ರಿ ಅಂತ ದೊಡ್ಡವ್ವನ ಪಕ್ಕ ಕೂತು ಬರೆದುಕೊಂಡರು. ಮೇಲಿನ ಬೀದಿಯ ಏಳೆಂಟು ಮಕ್ಕಳು ಯಾರೂ ಕರೆಯದೆ ಬಂದು ಸಾಲು ನಿಂತಿದ್ದವು. ಎರಡು ಮಕ್ಕಳನ್ನು ಮನೆಯವರು ಬಂದು ಕೈ ಹಿಡಿದು ಎಳೆದುಕೊಂಡು ಹೋದರು. ಉಳಿದವು ತಿಂದವು. ನೂರು ತುಂಡು ಅರ್ಧ ಗಂಟೆಗೆ ಮುಗಿಯಿತು.

ಇದಕ್ಕೆ ಕಾನೂನು ಏನು ಹೇಳುತ್ತದೆ ಅಂತ ಓದಿದ ಗೆಳೆಯರು ಕೇಳುತ್ತಾರೆ. ಸಂವಿಧಾನದ 17ನೆ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾದದ್ದು, ಹೋಟೆಲು, ಅಂಗಡಿ, ಕೆರೆ, ಬಾವಿಗಳಲ್ಲಿ ನಮ್ಮನ್ನು ತಡೆಯುವುದನ್ನು ಅಪರಾಧ ಅಂದಿದೆ. ನಾವು ಅವರ ಹೋಟೆಲಿಗೆ ಹೋಗಬಹುದು. ನಮ್ಮ ತಟ್ಟೆಯಿಂದ ಅವರು ತಿನ್ನದಿದ್ದರೆ ಯಾವ ಪೊಲೀಸು ಕೇಸು ಬರೆದುಕೊಳ್ಳುತ್ತಾನೆ? ಗಂಟಲು ಕೆರೆತ ಅಪರಾಧವಲ್ಲ.

ಕಾನೂನು ಅಡುಗೆಮನೆಯ ಬಾಗಿಲವರೆಗೆ ಬಂದದ್ದು ಒಂದು ಕಡೆ ಮಾತ್ರ, ಶಾಲೆಯ ಬಿಸಿಯೂಟದಲ್ಲಿ. 2004ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು ಆದೇಶ ಮಾಡಿತು. ಬಹಳ ದೊಡ್ಡ ಆದೇಶ ಎಂದು ನಾವು ತಿಳಿದಿದ್ದೇವೆ, ಇದರ ಮಹತ್ವವನ್ನು ನಮ್ಮ ಚಳವಳಿಯೇ ಸರಿಯಾಗಿ ಹಿಡಿದಿಲ್ಲ. ಇಷ್ಟಾದರೂ 2025ರ ಜೂನಿನಲ್ಲಿ ನಮ್ಮ ಪಕ್ಕದ ಚಾಮರಾಜನಗರ ತಾಲ್ಲೂಕಿನ ಹೊಮ್ಮದಲ್ಲಿ, ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾದ ಮೇಲೆ ಮಕ್ಕಳನ್ನು ಶಾಲೆ ಬಿಡಿಸಿದರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಲ್ಲೂ ಬೇರೆ ಕಾರಣಗಳು ಹೇಳಲ್ಪಟ್ಟವು. ಪಾಠ ಸರಿಯಿಲ್ಲವಂತೆ. ಶಾಲೆಯ ಊಟದಲ್ಲಿ ಮೊಟ್ಟೆ ಕೊಡಲು ಹೊರಟ 2021ರಲ್ಲಿ ಮಠಾಧೀಶರು ಬೀದಿಗೆ ಬಂದದ್ದು ಮೇಷ್ಟ್ರುಗಳಿಗೆ ನೆನಪಿರಬಹುದು. ಮೊಟ್ಟೆಯನ್ನು ಬೇಡ ಅನ್ನುವವರ ಜೊತೆ ವಾದ ಮಾಡಬಹುದು. ಮೊಟ್ಟೆಯ ಹೆಸರು ಹೇಳಿ ಕೈಯನ್ನು ಬೇಡ ಅನ್ನುವವರ ಜೊತೆ ವಾದ ಕಷ್ಟ.

ಜಾತಿಯನ್ನು ತೊಡೆಯಲು ಹೊರಟಿದ್ದ ಲಾಹೋರಿನ ಸುಧಾರಕರಿಗೆಂದೇ ಬಾಬಾಸಾಹೇಬರು 1936ರಲ್ಲಿ ‘ಜಾತಿ ವಿನಾಶ’ ಭಾಷಣ ಬರೆದರು. ಕೂಡಿ ಉಂಡರೆ ಸಾಲದು, ರಕ್ತ ಬೆರೆಯಬೇಕು, ಶಾಸ್ತ್ರದ ಮೇಲಿನ ನಂಬಿಕೆ ಹೋಗಬೇಕು ಎಂಬುದು ಅವರ ವಾದ. ಭಾಷಣ ಮಾಡಲು ಆ ಸುಧಾರಕರೇ ಬಿಡಲಿಲ್ಲ, ಅವರೇ ಅಚ್ಚು ಹಾಕಿಸಿದರು. ಅದು ಗೊತ್ತಿದ್ದೂ ನಾವು ಕೇಕಿನ ಹಿಂದೆ ಬಿದ್ದಿದ್ದೇವೆ. ಸಾಲದು ಅನ್ನುವುದು ನಿಜ. ಆದರೆ ತೊಂಬತ್ತು ವರ್ಷವಾಗುತ್ತಾ ಬಂದರೂ ನಮ್ಮೂರಿನಲ್ಲಿ ಆ ಸಾಲದ ಕೆಲಸವೇ ಇನ್ನೂ ಆಗಿಲ್ಲ.

ಮೊನ್ನೆ ಡೇರಿಯ ಸಾಲಿನಲ್ಲಿ ಮೇಲಿನ ಬೀದಿಯ ಒಬ್ಬ ಅವ್ವ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. “ನನ್ ಮೊಮ್ಮಗುಂಗೆ ಹುಟ್ಟಿದಬ್ಬ ಕನವ್ವ. ಅವತ್ತು ತಿಂದ್ಬಂದು ಅದೇ ಬೇಕು ಅಂತ ಅಳ್ತಾ ಕೂತವ್ನೆ. ಒಂದು ಮಾಡ್ಕೊಡು. ಕತ್ಲಾದ ಮ್ಯಾಲೆ ತಂದ್ಕೊಟ್ಬುಡು.”

ರಾತ್ರಿ ಕೇರಿಯಲ್ಲಿ ಸಭೆ ಸೇರಿತು. ಕತ್ತಲಲ್ಲಿ ತಂದುಕೊಡು ಅಂದರೆ ಕೊಡಬಾರದು ಅಂತ ಹುಡುಗರು ಗುಡುಗಿದರು. ಮಗ ಅಳ್ತಾ ಅದೆ, ಮಾಡಾದು ಮಾಡಾಣ ಅಂದಳು ದೊಡ್ಡವ್ವ, ಆದ್ರೆ ಸಂಜೆ ನಾಲ್ಕು ಗಂಟೆಗೆ ತಕ್ಕೊಂಡೋಗಾಣ, ಬೀದಿ ನಡುಮಧ್ಯ. ಹುಡುಗಿ ಮಾರನೆಯ ಬೆಳಿಗ್ಗೆ ಡೇರಿಯಲ್ಲಿ ಹಾಗೇ ಹೇಳಿದಳು. ಆ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂಬಾಗ್ಲಿಗೇ ತತ್ತಾ ಅಂದರಂತೆ. ಅರ್ಧ ದುಡ್ಡು ಮುಂಗಡ ಕೊಟ್ಟಿದ್ದಾರೆ. ನರಸೀಪುರದಿಂದ ರಟ್ಟಿನ ಡಬ್ಬ ತಂದಾಗಿದೆ. ಡ್ರಾಯಿಂಗ್ ಬರುವ ಒಬ್ಬ ಹುಡುಗ ಡಬ್ಬದ ಮೇಲೆ ಹೆಸರು ಬರೆಯಲು ಬಣ್ಣದ ಪೆನ್ನು ಹಿಡಿದು ಕೂತಿದ್ದಾನೆ. ಭೀಮ ಬೇಕರಿ ಅಂತ ಕೆಲವರು, ದೊಡ್ಡವ್ವನ ಹೆಸರೇ ಇರಲಿ ಅಂತ ಕೆಲವರು, ಕೇರಿಯ ಹೆಸರನ್ನೇ ಬರೆಯಬೇಕು ಅಂತ ಇನ್ನು ಕೆಲವರು. ಜಗಳ ಇನ್ನೂ ನಡೆದಿದೆ.